ಬೆಂಕಿ ಗುಡ್ಡದ ಪಾಳಿ

ಕಾಲುವೆ ನೀರು ಹಂಚುವ ಸಂಘಕ್ಕೆ ಕಾರ್ಯದರ್ಶಿಯಾದವನು ನಗಬೇಕೆಂದರೆ ನಾಟಕ ನೋಡಲು ಹೋಗಬೇಕಾಗಿಲ್ಲ. ಕಾಲುವೆಗೆ ನೀರು ಬರಲಿ ಬಿಡಲಿ, ನಗುವ ಪ್ರಸಂಗಗಳು ಮಾತ್ರ ವರ್ಷವಿಡೀ ಬರುತ್ತಲೇ ಇರುತ್ತವೆ.

ನಮ್ಮದು ಶಹಾಪುರದ ಕಡೆಯ ಒಂದು ಉಪಕಾಲುವೆ. ಮೊದಲ ತೂಬು ಗೌಡರದು. ಕೊನೆಯ ತೂಬು ಒಬ್ಬ ಮುದುಕಿಯದು. ಊರೆಲ್ಲ ಆಕೆಗೆ ಆಯಿ ಅನ್ನುತ್ತದೆ. ನಡುವೆ ನಾನು, ಮಾಸ್ತರರು, ಇನ್ನೊಂದಷ್ಟು ಮಂದಿ. ಗೌಡರ ಗದ್ದೆಯಲ್ಲಿ ಕಪ್ಪೆ ಈಜುವಾಗ ಆಯಿಯ ಹೊಲದಲ್ಲಿ ಎರೆಮಣ್ಣು ಬಾಯಿ ಬಿಟ್ಟಿರುತ್ತದೆ. ಆಕೆ ಮುಂಜಾನೆ ಎದ್ದು, ನೀರು ಎಲ್ಲಿ ನಿಂತಿದೆ ಎಂದು ಹುಡುಕುತ್ತ ಕಾಲುವೆಯ ದಂಡೆ ಹಿಡಿದು ಗೌಡರ ಮನೆಯವರೆಗೂ ನಡೆದು ಬರುತ್ತಾಳೆ. ಗೌಡರು ಕಟ್ಟೆಯ ಮೇಲೆ ಕೂತಲ್ಲಿಂದ ಏಳದೆ ಹೇಳುವುದು ಒಂದೇ ಮಾತು: "ನಾ ಬಿಟ್ಟೀನಿ ಆಯಿ. ಬರ್ತದ, ತಡಿ."

ಈ ಮಾತು ಕೇಳಿ ಕೇಳಿ ಆಯಿಯ ಕೂದಲು ಬೆಳ್ಳಗಾಗಿದೆ.

ಎದ್ದ ಗುಡ್ಡ

ಒಂದು ವರ್ಷ ಮೆಣಸಿನಕಾಯಿ ಎಲ್ಲರ ಕೈ ಹಿಡಿಯಿತು. ಸಂಘದವರೆಲ್ಲ ಸೇರಿ ಪ್ರವಾಸ ಹೋಗೋಣ ಎಂದಾಯಿತು. ಕಾಶಿ ಆಗಿತ್ತು, ರಾಮೇಶ್ವರ ಆಗಿತ್ತು. ಯಾದಗಿರಿಯ ಒಬ್ಬ ಟೂರಿನವನು ಬಂದು ಮೊಬೈಲಿನಲ್ಲಿ ಬಾಲಿ ದ್ವೀಪ ತೋರಿಸಿದ. ಸಮುದ್ರ, ಭತ್ತದ ಗದ್ದೆ, ಗುಡಿಗಳು, ಕೊನೆಗೆ ಹೊಗೆಯಾಡುವ ಒಂದು ಗುಡ್ಡ.

ಗೌಡರು ಮೂಗು ಮುರಿದರು. "ಗುಡ್ಡ ನೋಡಾಕ ವಿಮಾನ ಯಾಕ? ನಮ್ಮ ಶಹಾಪುರದಾಗ ಸಾಕ್ಷಾತ್ ಬುದ್ಧನೇ ಗುಡ್ಡ ಆಗಿ ಮಲಗ್ಯಾನ. ದೇಶದ ಮಂದಿ ಬಂದು ಫೋಟೋ ಹೊಡಕೊಂಡು ಹೋಗ್ತಾರ."

"ಇದು ಹಂಗಲ್ರಿ. ಒಳಗ ಬೆಂಕಿ ಅದ್ರಿ. ಯಾರೂ ಹಚ್ಚಿದ್ದಲ್ಲ, ತಾನೇ ಉರಿತದ," ಎಂದ ಟೂರಿನವನು.

ಅಲ್ಲಿಯವರೆಗೆ ಬಾಗಿಲ ಬಳಿ ಸುಮ್ಮನೆ ಕೂತಿದ್ದ ಆಯಿ ಮೊಬೈಲು ಇಸಿದುಕೊಂಡು ಕಣ್ಣಿಗೆ ಹತ್ತಿರ ಹಿಡಿದಳು.

"ಕಟ್ಟಗಿ ಹಾಕಂಗಿಲ್ಲೇನು?"

"ಇಲ್ರಿ ಆಯಿ."

"ಊದಂಗಿಲ್ಲ?"

"ಬಿಲ್ಕುಲ್ ಇಲ್ರಿ."

ಹುಟ್ಟಿದಾಗಿನಿಂದ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಆರಿಸಿ ಆರಿಸಿ ಒಲೆ ಉರಿಸಿದ ಹೆಣ್ಣುಮಗಳು ಆಕೆ. ಆ ಮೊಬೈಲು ವಾಪಸು ಕೊಡಲು ಆಕೆಗೆ ಮನಸ್ಸೇ ಬರಲಿಲ್ಲ.

"ಗೌಡ್ರ," ಅಂದಳು, "ಮಲಗಿದ ಗುಡ್ಡ ಬೇಕಾದಷ್ಟು ನೋಡೀನ್ರಿ. ಎದ್ದ ಗುಡ್ಡ ಒಂದ್ಸಲ ನೋಡಿ ಸಾಯ್ತೀನಿ."

ಕೆಳಗಿನಿಂದ ಮೇಲಕ್ಕೆ

ಟೂರಿನವನ ಬಳಿ ಯಾವ ದಿನ ಏನು ನೋಡಬೇಕೆಂದು ಮೊದಲೇ ಗೊತ್ತುಮಾಡಿದ ಪಟ್ಟಿ ಇತ್ತು. ನಮ್ಮವರು ಅದನ್ನು ಮುಟ್ಟಲೂ ಇಲ್ಲ. ನಮ್ಮ ಪಾಳಿ ಹಾಕಲು ಯಾದಗಿರಿಯವನು ಯಾರು? ನೀರಿಗೆ ಪಾಳಿ ಹಾಕುವಂತೆ ದಿನಗಳಿಗೂ ಪಾಳಿ ಹಾಕಿದೆವು. ಯಾರ ಪಾಳಿಯ ದಿನವೋ ಅವರು ಹೇಳಿದ್ದನ್ನು ಎಲ್ಲರೂ ನೋಡಬೇಕು. ಒಬ್ಬರ ಪಾಳಿಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಎಲ್ಲರೂ ಕೈ ಎತ್ತಿದರು. ಗೌಡರು ಎಲ್ಲರಿಗಿಂತ ಎತ್ತರಕ್ಕೆ ಎತ್ತಿದರು.

ಮೊದಲ ದಿನ ಮೊದಲ ತೂಬಿಗೆ, ಕೊನೆಯ ದಿನ ಕೊನೆಯ ತೂಬಿಗೆ. ಆಯಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಕೊನೆಗೆ ಉಳಿಯುವುದು ಏನು ಎಂಬುದೂ ಗೊತ್ತಿತ್ತು.

"ಇದೊಂದ್ಸಲ ಕೆಳಗಿಂದ ಶುರು ಮಾಡ್ರಿ," ಅಂದಳು.

ಗೌಡರು ನಕ್ಕರು. "ಆಯಿ, ಎಲ್ಲೆರ ಕೆಳಗಿಂದ ಮ್ಯಾಲಕ್ಕ ಹೋಗೋದು ಕಂಡೀಯೇನು?"

"ವಿಮಾನ ಮತ್ತ ಹೆಂಗ ಹೋಗ್ತದ್ರಿ?"

ಸಭೆ ನಕ್ಕಿತು. ಪಾಳಿ ಮಾತ್ರ ಮೇಲಿನಿಂದಲೇ ಆಯಿತು.

ಸಮುದ್ರದ ತಾಲೀಮು

ಗೌಡರು ತಮ್ಮ ಪಾಳಿಗೆ ಆರಿಸಿದ್ದು ಸಮುದ್ರ. ಕಣ್ಣಿಗೆ ಗಾಜಿನ ಮುಖವಾಡ, ಬಾಯಿಗೆ ಕೊಳವೆ ಹಾಕಿ, ನೀರಿನ ಮೇಲೆ ಬೋರಲು ಮಲಗಿ ಮೀನು ನೋಡುವುದು. ಮೊದಲೇ ತಾಲೀಮು ಮಾಡಿಕೊಂಡರೆ ಒಳ್ಳೆಯದು ಎಂದಿದ್ದ ಟೂರಿನವನು. ಗೌಡರು ಹೈದರಾಬಾದಿನಿಂದ ಆ ಸಾಮಾನು ತರಿಸಿದರು. ತಾಲೀಮಿಗೆ ಜಾಗ ಹುಡುಕಬೇಕಾಗಿರಲಿಲ್ಲ. ಕಾಲುವೆ ಅವರ ಮನೆ ಮುಂದೆಯೇ ಇತ್ತು.

ನೋಡಲು ಅರ್ಧ ಊರು ದಂಡೆಯ ಮೇಲೆ ಸೇರಿತ್ತು. ಗೌಡರು ಕೊಳವೆ ಕಚ್ಚಿಕೊಂಡು ನೀರಿನ ಮೇಲೆ ತೇಲಿದರು. ಒಳ್ಳೆ ಎಮ್ಮೆ ತೇಲಿದಂತೆ ನೆಮ್ಮದಿಯಾಗಿಯೇ ತೇಲಿದರು. ಅಷ್ಟರಲ್ಲಿ ಮೇಲೆ ದೊಡ್ಡ ಕಾಲುವೆಯಲ್ಲಿ ಯಾರೋ ಗೇಟು ಇಳಿಸಿದರು. ನೀರು ಇಳಿಯತೊಡಗಿತು. ಗೌಡರಿಗೆ ಮುಖವಾಡದೊಳಗಿಂದ ಕೆಸರು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಕೈಕಾಲು ಆಡಿಸುತ್ತಲೇ ಇದ್ದರು. ಕೊನೆಗೆ ಹೊಟ್ಟೆ ನೆಲಕ್ಕೆ ತಾಗಿದಾಗ ತಲೆ ಎತ್ತಿ ನೋಡಿದರೆ ಪಾದ ಮುಳುಗುವಷ್ಟು ನೀರಿನಲ್ಲಿ ಬೋರಲು ಬಿದ್ದಿದ್ದಾರೆ.

ಆ ಹೊತ್ತಿಗೆ ಆಯಿ ಎಂದಿನಂತೆ ನೀರು ಹುಡುಕುತ್ತ ದಂಡೆಯ ಮೇಲೆ ಬಂದಳು. ನಿಂತು ನೋಡಿದಳು. ಅವಳ ಮುಖದಲ್ಲಿ ನಗು ಇರಲಿಲ್ಲ, ನಿಜವಾದ ಆಶ್ಚರ್ಯ ಇತ್ತು.

"ಗೌಡ್ರ, ಹಿಂಗ್ಯಾಕ ಒದ್ದಾಡಾಕತ್ತೀರಿ? ಇಷ್ಟ ನೀರಾಗ ನಾವು ಬೆಳಿ ತಗೀತೀವ್ರಿ."

ಹಿಟ್ಟಿನ ಗಂಟು

ಹೊರಡುವ ಹಿಂದಿನ ದಿನ ನನ್ನ ಹೆಂಡತಿ ಆಯಿಯ ಸಾಮಾನು ಕಟ್ಟಲು ಹೋದಳು. ನನ್ನ ಹೆಂಡತಿ ಬಳಿಚಕ್ರದವಳು. ಮಳೆ ನಂಬಿ ಬೆಳೆ ಬೆಳೆಯುವ ಊರು ಅದು. ನಮ್ಮ ಕಾಲುವೆ ಜಗಳ ಕಂಡಾಗಲೆಲ್ಲ, "ನಿಮಗ ಜಗಳಾಡಾಕರ ನೀರದ್ರಿ. ನಮ್ಮೂರಾಗ ಮೋಡದ ಸಂಗಟ ಜಗಳಾಡಬೇಕು," ಎಂದು ನನ್ನನ್ನು ಹಂಗಿಸುತ್ತಾಳೆ.

ಆಯಿಯ ಗಂಟಿನಲ್ಲಿ ಎರಡು ಸೀರೆ ಇದ್ದವು. ಉಳಿದದ್ದೆಲ್ಲ ಗೋಧಿ ಹಿಟ್ಟು, ಪುಟಾಣಿ ಎಂಬ ಹುರಿಗಡಲೆಯ ಹಿಟ್ಟು, ಕುಟ್ಟಿದ ಬೆಲ್ಲ, ಏಲಕ್ಕಿ, ಒಂದು ತೆಳು ಬಿಳಿ ಬಟ್ಟೆ.

"ಆಯಿ, ಊಟ ಟೂರಿನವರೇ ಕೊಡ್ತಾರ. ನಾನೂ ಕಟಗ ರೊಟ್ಟಿ, ಶೇಂಗಾ ಹಿಂಡಿ ತಗೊಂಡೀನಿ. ಈ ಹಿಟ್ಟು ಯಾಕ ಹೊತಗೊಂಡು ಹೋಗ್ತಿ? ಅಲ್ಲಿ ಒಲಿ ಎಲ್ಲಿ ಸಿಗ್ತದ?"

ಆಯಿ ಗಂಟಿನ ಮೇಲೆ ಇನ್ನೊಂದು ಗಂಟು ಬಿಗಿದಳು. "ಒಲಿ ಅಲ್ಲೇ ಅದಲ್ಲವ್ವ. ಹಿಟ್ಟ ಇರಂಗಿಲ್ಲ."

ಹೊಸ ಕಾಲುವೆ

ಬಾಲಿಗೆ ಇಳಿದ ಮೇಲೆ ಎಲ್ಲವೂ ನಮ್ಮ ಉಪಕಾಲುವೆಯ ಹಾಗೆಯೇ ನಡೆಯಿತು. ಗೌಡರು ಮೊದಲ ದಿನ ಸಮುದ್ರಕ್ಕೆ ಇಳಿದವರು ಮೇಲೆ ಬರಲೇ ಇಲ್ಲ. ನಿಜವಾದ ಮೀನು ಕಂಡಿದ್ದವಲ್ಲ! ಎರಡನೆಯ ದಿನವನ್ನೂ ಅರ್ಧ ನುಂಗಿದರು. ಹಾಗಾಗಿ ನನ್ನ ಗುಡಿಗಳ ಪಾಳಿ ಮಾಸ್ತರರ ದಿನಕ್ಕೆ ಹರಿಯಿತು, ಮಾಸ್ತರರ ಭತ್ತದ ಗದ್ದೆಯ ಪಾಳಿ ಅದರ ಮುಂದಿನ ದಿನಕ್ಕೆ. ಆಯಿ ದಿನವೂ ವ್ಯಾನಿನ ಕೊನೆಯ ಸೀಟಿನಲ್ಲಿ ಕೂತು, "ಗುಡ್ಡ ಯಾವಾಗ್ರಿ?" ಎಂದು ಕೇಳುವಳು. ಗೌಡರು ಮುಂದಿನ ಸೀಟಿನಿಂದ ತಿರುಗಿ ನೋಡದೆ, "ಬರ್ತದ ಆಯಿ, ತಡಿ," ಅನ್ನುವರು.

ಮಾಸ್ತರರ ಗದ್ದೆಗಳು ಮಾತ್ರ ನೋಡುವಂಥವೇ. ಗುಡ್ಡದ ಮೈಗೆ ಮೆಟ್ಟಿಲು ಕಡಿದ ಹಾಗೆ ಹಸಿರು. ಬೇರೆ ಪ್ರವಾಸಿಗರು ಅಲ್ಲಿ ಉಯ್ಯಾಲೆ ಆಡುತ್ತಿದ್ದರು, ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಮ್ಮವರು ಮಾತ್ರ ಒಂದು ಸಣ್ಣ ಕಾಲುವೆಯ ಸುತ್ತ ಕುಕ್ಕರಗಾಲಲ್ಲಿ ಕೂತುಬಿಟ್ಟರು. ಅಲ್ಲಿ ಒಂದು ಮರದ ದಿಮ್ಮಿಗೆ ಕಚ್ಚು ಕಡಿದು ಅಡ್ಡ ಇಟ್ಟಿದ್ದರು. ಒಂದೊಂದು ಕಚ್ಚಿನಿಂದ ಒಂದೊಂದು ಕಡೆಗೆ ನೀರು ಹೋಗುತ್ತಿತ್ತು. ಗೇಟಿಲ್ಲ, ಬೀಗವಿಲ್ಲ, ಕಾಯುವವರಿಲ್ಲ. ಡ್ರೈವರು ಯಾರದೋ ಉಂಗುರ ನೀರಿಗೆ ಬಿತ್ತೇನೋ ಎಂದುಕೊಂಡು ತಾನೂ ಬಗ್ಗಿ ಹುಡುಕಿದ.

ಮಾಸ್ತರರು ತಮ್ಮ ಹರಕು ಇಂಗ್ಲಿಷಿನಲ್ಲಿ ಅವನಿಗೆ ವಿಷಯ ಹೇಳಿದರು. ಅವನು ಗದ್ದೆಯಲ್ಲಿದ್ದ ಒಬ್ಬ ರೈತನನ್ನು ಕರೆದ. ನಮ್ಮ ಪ್ರಶ್ನೆ ಒಂದೇ: ಕಟ್ಟಕಡೆಯ ಗದ್ದೆಗೆ ನೀರು ಮುಟ್ಟುತ್ತದೆಯೇ? ರೈತನಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಡ್ರೈವರು ಮತ್ತೆ ಕೇಳಿದ. ಅವನು ನಮ್ಮನ್ನೆಲ್ಲ ಒಮ್ಮೆ ನೋಡಿ ಏನೋ ಅಂದ. ಮಾಸ್ತರರು ಕನ್ನಡಕ್ಕೆ ಇಳಿಸಿದರು: "ಯಾಕ ಮುಟ್ಟಂಗಿಲ್ಲ, ಅಂತ ಕೇಳಾಕತ್ತಾನ."

ಎಲ್ಲರೂ ಒಟ್ಟಿಗೆ ಗೌಡರ ಮುಖ ನೋಡಿದೆವು. ಗೌಡರು ಎದ್ದು ಧೋತರ ಕೊಡವಿಕೊಂಡರು.

"ಪಾಪ, ಇವರಿಗೆ ಕಾಲುವಿ ಹೊಸದು ಕಾಣ್ತದ. ಇನ್ನೂ ರೂಢಿ ಆಗಿಲ್ಲ."

ಆ ಕಾಲುವೆ ತನ್ನ ಮುತ್ತಜ್ಜನಿಗಿಂತ ಹಳೆಯದು ಎಂದು ಡ್ರೈವರು ಹೇಳಿದ. ಮಾಸ್ತರರು ಅದನ್ನು ಗೌಡರಿಗೆ ಎರಡು ಸಲ ಕೂಗಿ ಹೇಳಿದರು.

ಗೇಟು

ಕೊನೆಯ ದಿನದ ಸಂಜೆಗೆ ವಿಮಾನ. ಹಿಂದಿನ ದಿನ ಊಟ ಮಾಡುವಾಗ ಗೌಡರು ತೀರ್ಪು ಕೊಟ್ಟರು: "ಗುಡ್ಡ ದೂರ ಅದ. ಏರಬೇಕಂತ ಬ್ಯಾರೆ. ನಾಳೆ ಬಜಾರಕ್ಕ ಹೋಗೋಣ. ನಿನ್ನ ಗುಡ್ಡ ಮುಂದಿನ ಸಲ ಆಯಿ."

ಆಯಿ ಮರುಮಾತಾಡಲಿಲ್ಲ. ಗೌಡರಿಗೆ ಎದುರು ಹೇಳಲು ನಾನು ಬಾಯಿ ತೆರೆದೆ. ಈ ವಯಸ್ಸಿನಲ್ಲಿ ಆಕೆಗೆ ಮುಂದಿನ ಸಲ ಎಲ್ಲಿಯದು? ಆದರೆ ನನ್ನ ಹೆಂಡತಿ ಮೆಲ್ಲಗೆ ಅಂದಳು, "ಸುಮ್ಮಕಿರ್ರಿ. ಆಯಿ ಬಾಯಿ ಮುಚ್ಚ್ಯಾಳಂದ್ರ ಗೌಡ್ರಿಗೆ ಏನೋ ಕಾದದ."

ಆಕೆ ಅಂದದ್ದು ನಿಜ. ಒಂದು ವರ್ಷ ಬೆಳೆ ಒಣಗುವ ಹೊತ್ತಿಗೆ ಆಯಿ ಬಾಯಿ ಮುಚ್ಚಿಕೊಂಡು ಹೋಗಿ ಕಾಲುವೆಯ ಗೇಟಿನ ಮೇಲೆ ಕೂತಿದ್ದಳು. ಎಂಜಿನಿಯರ್ ಸಾಹೇಬರೇ ಬಂದು ಕೈ ಮುಗಿದು ನೀರು ಬಿಡಿಸುವ ತನಕ ಇಳಿದಿರಲಿಲ್ಲ.

ಮುಂಜಾನೆ ನಾವು ಕೆಳಗೆ ಬಂದು ನೋಡಿದರೆ ಆಯಿ ವ್ಯಾನಿನ ಮುಂದಿನ ಗಾಲಿಗೆ ಬೆನ್ನು ಕೊಟ್ಟು, ಹಿಟ್ಟಿನ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ.

ಡ್ರೈವರು ಗಾಬರಿಯಾಗಿ ಮಾಸ್ತರರನ್ನು ಕೇಳಿದ. ಮಾಸ್ತರರು ಪಾಳಿಯ ಕತೆ ಮೊದಲಿನಿಂದ ಕೊನೆಯವರೆಗೂ ಹೇಳಿದರು. ಅವನೂ ಭತ್ತ ಬೆಳೆಯುವ ಮನೆಯವನೇ. ಕೇಳುತ್ತ ಕೇಳುತ್ತ ಅವನ ಮುಖ ಗಟ್ಟಿಯಾಯಿತು. ವ್ಯಾನಿನ ಚಾವಿ ಅಂಗಿಯ ಜೇಬಿಗೆ ಹಾಕಿಕೊಂಡು ಹೋಗಿ ಆಯಿಯ ಪಕ್ಕದಲ್ಲಿ, ಇನ್ನೊಂದು ಗಾಲಿಗೆ ಬೆನ್ನು ಕೊಟ್ಟು ಕೂತ!

ಗೌಡರು ತಲೆ ಚಚ್ಚಿಕೊಂಡರು. "ಪರದೇಶಕ್ಕ ಬಂದ್ರೂ ಗೇಟ್ ಬಿಡಲಿಲ್ಲಲ್ಲ ಆಯಿ ನೀ!"

"ನೀವೆಲ್ಲಿ ಮೊದಲ ತೂಬು ಬಿಟ್ಟೀರಿ, ಗೌಡ್ರ?"

ಬರ್ತದ, ತಡೀರಿ

ಗುಡ್ಡದ ಅರ್ಧದವರೆಗೆ ಜೀಪು ಹೋಗುತ್ತದೆ, ಆಮೇಲೆ ಕಾಲೇ ಗತಿ. ಕಪ್ಪು ಮಣ್ಣು, ಕಪ್ಪು ಕಲ್ಲು, ಕಾಲಿಟ್ಟರೆ ಜಾರುವ ದಾರಿ. ಆಯಿ ಏರಲಾರಳು ಎಂದು ನಾವು ಆಕೆಯ ಹಿಂದೆ ನಿಂತೆವು, ಜಾರಿದರೆ ಹಿಡಿಯೋಣವೆಂದು. ಸ್ವಲ್ಪ ಹೊತ್ತಿಗೆ ಆಕೆಯ ಬೆನ್ನೂ ಕಾಣಲಿಲ್ಲ. ನೀರು ಹುಡುಕುತ್ತ ದಿನಾ ಕಾಲುವೆಯ ಉದ್ದ ನಡೆದ ಕಾಲು ಅವು. ಗುಡ್ಡ ಸಿಕ್ಕಿದ್ದೇ ಸೈ ಎಂದು ಹತ್ತಿಬಿಟ್ಟಳು. ಗೌಡರಿಗೆ ಹುಟ್ಟಿದಾಗಿನಿಂದ ನೀರು ಮನೆಯ ಮುಂದೆಯೇ ಬಂದಿದೆ, ನಡೆಯುವ ರೂಢಿ ಎಲ್ಲಿಂದ ಬರಬೇಕು? ನಾಲ್ಕು ಹೆಜ್ಜೆಗೊಮ್ಮೆ ಕೂರುತ್ತ, "ಜಲ್ದಿ ಹೋಗಬ್ಯಾಡ್ರೋ," ಎಂದು ಕೂಗುತ್ತ ಎಲ್ಲರಿಗಿಂತ ಹಿಂದೆ ಉಳಿದರು.

ಮೇಲೆ ಹೋಗಿ ನೋಡಿದೆ. ಬಂಡೆಗಳ ಬಿರುಕಿನಿಂದ ಬುಸುಬುಸು ಹಬೆ ಬರುತ್ತಿತ್ತು. ಗೈಡುಗಳು ಅದರೊಳಗೆ ಮೊಟ್ಟೆ, ಬಾಳೆಹಣ್ಣು ಇಟ್ಟು ಬೇಯಿಸಿ ಪ್ರವಾಸಿಗರಿಗೆ ಕೊಡುತ್ತಿದ್ದರು. ಆಯಿ ಬಿರುಕಿನ ಮುಂದೆ ಕೂತು ಕೈ ಮುಗಿದಳು.

"ಈ ಒಲಿಯ ಸೊಸಿ ಪುಣ್ಯವಂತಿ ನೋಡವ್ವ," ಎಂದಳು ನನ್ನ ಹೆಂಡತಿಗೆ. "ಕಟ್ಟಗಿ ತರಂಗಿಲ್ಲ, ಊದಂಗಿಲ್ಲ, ಕಣ್ಣಾಗ ಹೊಗಿ ಇಲ್ಲ."

ಆಮೇಲೆ ಗಂಟು ಬಿಚ್ಚಿದಳು. ಹಿಟ್ಟನ್ನು ರೂಮಿನಲ್ಲೇ ನಾದಿಕೊಂಡು ತಂದಿದ್ದಳು. ಇಬ್ಬರೂ ಸೇರಿ ಪುಟಾಣಿ ಬೆಲ್ಲ ತುಂಬಿ ಕಡುಬು ಮಾಡಿದರು, ಬಿಳಿ ಬಟ್ಟೆಯಲ್ಲಿ ಕಟ್ಟಿ ಬಿರುಕಿನೊಳಗೆ ಇಳಿಬಿಟ್ಟರು. ಗೈಡುಗಳು ಮೊಟ್ಟೆ ಬಿಟ್ಟು ನೋಡಲು ಬಂದರು. ಹಬೆಯಲ್ಲಿ ಬೆಂದ ಕಡುಬಿನ ವಾಸನೆ ಆ ಗುಡ್ಡದ ತುಂಬ ಹರಡಿದಾಗ ನನಗೆ ಆದ ಸಂತೋಷ ನನ್ನ ಹೊಲಕ್ಕೆ ನೀರು ಬಂದಾಗಲೂ ಆಗಿಲ್ಲ. ನಮ್ಮ ಆಯಿ ಬೆಂಕಿ ಗುಡ್ಡವನ್ನು ನೋಡಿದ್ದಷ್ಟೇ ಅಲ್ಲ, ಅದರ ಮೇಲೆ ಅಡುಗೆಯನ್ನೂ ಮಾಡಿದ್ದಳು.

ದಾರಿ ಇಕ್ಕಟ್ಟು. ನಾವೆಲ್ಲ ದಾರಿಯುದ್ದಕ್ಕೂ ಒಬ್ಬರ ಕೆಳಗೊಬ್ಬರು ಕೂತಿದ್ದೆವು. ಮೇಲೆ ಆಯಿ, ನನ್ನ ಹೆಂಡತಿ, ನಮ್ಮ ಜೊತೆ ಹತ್ತಿ ಬಂದ ಡ್ರೈವರು. ನಡುವೆ ಮಾಸ್ತರರು, ನಾನು, ಉಳಿದವರು. ಕಟ್ಟಕಡೆಗೆ, ಒಂದು ಕಲ್ಲಿನ ಮೇಲೆ ಏದುಸಿರು ಬಿಡುತ್ತ ಗೌಡರು. ಆಯಿ ಬಿಸಿ ಕಡುಬುಗಳನ್ನು ಚೀಲಕ್ಕೆ ಹಾಕಿ ಕೆಳಗೆ ದಾಟಿಸಿದಳು. ಡ್ರೈವರು ಎರಡು ತೆಗೆದುಕೊಂಡ. ಮಾಸ್ತರರು ಎರಡು ತೆಗೆದುಕೊಂಡು, ಇನ್ನೊಂದನ್ನು ಮನೆಯವರ ಹೆಸರಿನಲ್ಲಿ ಜೇಬಿಗಿಳಿಸಿದರು. ನಾನು ಕಾರ್ಯದರ್ಶಿ ಎಂದು ಮೂರು ತೆಗೆದುಕೊಂಡೆ. ಹೀಗೆ ಪ್ರತಿಯೊಬ್ಬನೂ ತನ್ನ ತನ್ನ ತೂಬು ತೆರೆದ.

ಗೌಡರು ಹಸಿದು ಕಂಗಾಲಾಗಿದ್ದರು. ಕೊನೆಗೂ ಚೀಲ ಕೈಗೆ ಬಂತು. ಒಳಗೆ ಕೈ ಹಾಕಿದರು. ಮಗುಚಿ ಕೊಡವಿದರು. ಒಂದು ತುಣುಕು ಏಲಕ್ಕಿ ಸಿಪ್ಪೆ ಬಿತ್ತು.

"ಆಯಿ!" ಎಂದು ಗುಡ್ಡ ಅದುರುವಂತೆ ಕೂಗಿದರು. "ಇಲ್ಲಿ ಖಾಲಿ ಚೀಲ ಬಂದದ!"

ಆಯಿ ಬಂಡೆಯ ಮೇಲೆ ಕಾಲು ಚಾಚಿ, ಕೂತಲ್ಲಿಂದ ಏಳದೆ ಹೇಳಿದಳು:

"ನಾ ಬಿಟ್ಟೀನ್ರಿ ಗೌಡ್ರ. ಬರ್ತದ, ತಡೀರಿ."