ಅರ್ಧಕ್ಕೆ ನಿಂತ ಬಾವುಟ

ಆ ಭಾನುವಾರ ಬೆಳಿಗ್ಗೆ ಪ್ರೇಬೆನ್ ಬಾವುಟ ಏರಿಸಲು ಹೋಗದೆ ಸುಮ್ಮನೆ ಕಾಫಿ ಕುಡಿದುಕೊಂಡು ಕೂತಿದ್ದರೆ ಅವನ ಸೋದರತ್ತೆ ಡಾಗ್ಮಾರ್ ಸಾಯುತ್ತಿರಲಿಲ್ಲ. ಅಂಥ ಅತ್ತೆಯೇ ಅವನಿಗೆ ಇರಲಿಲ್ಲ ಎನ್ನುವುದು ಬೇರೆ ಮಾತು.

ಆರ್ಹುಸ್ ಊರಿನ ಅಂಚಿನಲ್ಲಿ ತೋಟಗಳ ಸಾಲಿದೆ. ಅಂಗೈಯಗಲದ ತೋಟ, ಅದರೊಳಗೊಂದು ಮರದ ಗುಡಿಸಲು, ಸುತ್ತ ಹಸಿರು ಬೇಲಿ, ಬೇಲಿಯಾಚೆ ಇಣುಕುವ ನೆರೆಯವರು. ಸೈಕಲ್ ರಿಪೇರಿಯ ಪ್ರೇಬೆನ್ ಬೇಸಿಗೆ ಪೂರ್ತಿ ಅಲ್ಲೇ ಇರುತ್ತಿದ್ದ. ಮದುವೆಯಾಗಿರಲಿಲ್ಲ, ನೋಡಲು ಬರುವವರೂ ಇರಲಿಲ್ಲ. ನೆಂಟರು ಬಂದರೆ, ಹುಟ್ಟುಹಬ್ಬವಾದರೆ ಎಲ್ಲರ ತೋಟದಲ್ಲೂ ಬಾವುಟ ಏರುತ್ತಿತ್ತು. ಇವನ ಕಂಬ ಮಾತ್ರ ಕಾಗೆ ಕೂರುವುದಕ್ಕಷ್ಟೇ ಆಗಿತ್ತು.

ಈ ದಿನ ಮಧ್ಯಾಹ್ನ ಲಿವಾ ಎಂಬ ಹುಡುಗಿ ಬರುವವಳಿದ್ದಳು. ಕಾಲೇಜಿನ ದಿನಗಳಲ್ಲಿ ಪ್ರೇಬೆನ್ ವೀರ್ಯದಾನ ಮಾಡಿದ್ದ. "ಮಗು ದೊಡ್ಡದಾದ ಮೇಲೆ ನಿಮ್ಮ ಹೆಸರು ಕೇಳಿದರೆ ಕೊಡಬಹುದಾ?" ಎಂದು ನರ್ಸ್ ಕೇಳಿದಾಗ, ಎದುರಿಗೆ ನಿಂತವರಿಗೆ ಇಲ್ಲ ಅನ್ನುವ ಅಭ್ಯಾಸವಿಲ್ಲದ ಅವನು "ಆಗ್ಲಿ" ಅಂದುಬಿಟ್ಟಿದ್ದ. ಆಮೇಲೆ ಮರೆತೂ ಬಿಟ್ಟಿದ್ದ. ಹೋದ ತಿಂಗಳು ಆ ಮಗುವೇ ಫೋನ್ ಮಾಡಿ, "ನಿಮ್ಮನ್ನ ಒಂದ್ಸಲ ನೋಡ್ಬೇಕಿತ್ತು. ಅಷ್ಟೇ, ಬೇರೇನೂ ಬೇಡ," ಅಂದಿತ್ತು. ಅಂದಿನಿಂದ ಪ್ರೇಬೆನ್ನನಿಗೆ ಊಟ ಸೇರುತ್ತಿರಲಿಲ್ಲ. ಒಂದು ಸಲ ಬಂದವಳು ಇನ್ನೊಂದು ಸಲವೂ ಬರಬೇಕು, ಅದೊಂದೇ ಅವನ ಆಸೆ.

ಬಾವುಟ ಕಂಡರೆ ಹುಡುಗಿಗೆ ಖುಷಿಯಾದೀತು ಎಂದು ಹಳೆಯ ಹಗ್ಗ ಎಳೆದ. ಬಾವುಟ ಅರ್ಧ ಕಂಬ ಏರಿತು. ಅಷ್ಟರಲ್ಲಿ ಹಗ್ಗದ ಗಂಟೊಂದು ತುದಿಯ ರಾಟೆಗೆ ಸಿಕ್ಕಿಕೊಂಡಿತು. ಎಳೆದರೆ ಮೇಲೆ ಹೋಗದು, ಬಿಟ್ಟರೆ ಕೆಳಗೆ ಬಾರದು. ಸೈಕಲ್ಲಿಗೆ ಹಾಕುವ ಎಣ್ಣೆ ತರೋಣವೆಂದು ತಿರುಗುವಷ್ಟರಲ್ಲಿ ಬೇಲಿಯ ಗೇಟು ಕಿರುಗುಟ್ಟಿತು.

ತೋಟ ಸಂಘದ ಅಧ್ಯಕ್ಷೆ ಗ್ರೇತೆ ಒಳಗೆ ಬಂದಿದ್ದಳು. ಯಾವಾಗಲೂ ಬೇಲಿಯ ಎತ್ತರ ಅಳೆಯುವ ಪಟ್ಟಿ ಹಿಡಿದೇ ಬರುತ್ತಿದ್ದವಳ ಕೈಯಲ್ಲಿ ಇವತ್ತು ಬಿಳಿ ಹೂವಿತ್ತು.

"ಅಯ್ಯೋ ಪ್ರೇಬೆನ್, ಯಾರಪ್ಪಾ ಹೋಗಿದ್ದು?"

ಪ್ರೇಬೆನ್ ತಲೆಯೆತ್ತಿ ನೋಡಿದ. ಅರ್ಧಕ್ಕೆ ನಿಂತ ಬಾವುಟ! ಮನೆಯಲ್ಲಿ ಸಾವಾಗಿದೆ ಎಂದು ಸಾರಲು ಅದಕ್ಕಿಂತ ಜೋರು ಗಂಟಲು ಬೇಕೇ? ಯಾರೂ ಹೋಗಿಲ್ಲ ಅಂದರೆ ಬಾವುಟ ಯಾಕೆ ಅನ್ನುತ್ತಾಳೆ. ನೆಂಟರು ಬರುತ್ತಾರೆ ಅಂದರೆ ಯಾರು ಅನ್ನುತ್ತಾಳೆ. ಗ್ರೇತೆಗೆ ಗೊತ್ತಾದದ್ದು ಸಂಜೆಯೊಳಗೆ ಇಡೀ ಸಾಲಿಗೆ ಗೊತ್ತಾಗುತ್ತಿತ್ತು.

"ಅ... ಅತ್ತೆ," ಅಂದ. "ಡಾಗ್ಮಾರ್ ಅತ್ತೆ."

"ಪಾಪ! ನೀನು ಒಂದಿನಾನೂ ಅವರ ಹೆಸರೇ ಎತ್ತಿರ್ಲಿಲ್ಲ."

"ಅವರಿಗೆ ಹೆಸರೆತ್ತೋದು ಇಷ್ಟ ಇರ್ಲಿಲ್ಲ."

ಗ್ರೇತೆ ಕಣ್ಣೊರೆಸಿಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಪಕ್ಕದ ತೋಟದ ಮುದುಕ ಹೋಲ್ಗರ್ ಸ್ನ್ಯಾಪ್ಸ್ ಸಾರಾಯಿಯ ಬಾಟಲಿಯನ್ನೂ ಹೆರಿಂಗ್ ಮೀನಿನ ತಟ್ಟೆಯನ್ನೂ ಹಿಡಿದು ಬಂದ. ಅವನಿಗೆ ಕಿವಿ ಮಂದ, ದುಃಖ ಮಾತ್ರ ಚುರುಕು.

"ಗಟ್ಟಿ ಹೆಂಗಸಾಗಿದ್ರು ನಿಮ್ಮತ್ತೆ," ಎಂದು ನಿಟ್ಟುಸಿರು ಬಿಟ್ಟ.

"ನೀವು ನೋಡಿದ್ರಾ?" ಪ್ರೇಬೆನ್ ಹೌಹಾರಿದ.

"ನೋಡದೆ ಏನು? ಈಗಿನ ಕಾಲದಲ್ಲಿ ಅಂಥವರು ಎಲ್ಲಿದಾರೆ!" ಎಂದು ಹೋಲ್ಗರ್ ಅತ್ತೆಯ ಹೆಸರಿನಲ್ಲಿ ಎರಡು ಗುಟುಕು ಏರಿಸಿ, ಉಳಿದದ್ದನ್ನು ಮೇಜಿನ ಮೇಲಿಟ್ಟು ಹೋದ.

ಮಧ್ಯಾಹ್ನದ ಹೊತ್ತಿಗೆ ಮೇಜು ನೆರೆಯವರು ತಂದಿಟ್ಟ ಹೂಕುಂಡಗಳಿಂದ ತುಂಬಿತ್ತು. ಲಿವಾಳಿಗೆಂದು ತಂದ ಸ್ಟ್ರಾಬೆರಿ ಕೇಕಿಗೆ ಜಾಗವೇ ಇರಲಿಲ್ಲ. ಅವಳು ಬಂದು ಈ ಸೂತಕದ ಮನೆ ನೋಡಿದರೆ ಗೇಟಿನಿಂದಲೇ ಸೈಕಲ್ ತಿರುಗಿಸುತ್ತಾಳೆ ಎಂದು ಪ್ರೇಬೆನ್ ಗಾಬರಿಯಾದ. ಸೇಬು ಕೀಳುವ ಉದ್ದ ಕೋಲಿಗೆ ಕುಂಟೆ ಕಟ್ಟಿ ಗಂಟು ತಿವಿಯಲು ಹೊರಟ. ಕೋಲು ಅಷ್ಟೆತ್ತರಕ್ಕೆ ಸಾಲಲಿಲ್ಲ.

ಆಗ ಬೇಲಿಯಾಚೆ ಒಬ್ಬ ಎತ್ತರದ ಮನುಷ್ಯ ಕಂಡ. ಅತ್ತ ಹೋಗಿ, ಇತ್ತ ಬಂದು, ಮತ್ತೆ ಅತ್ತ ಹೊರಟಿದ್ದ. ಹಿಂದಿನ ಸಾಲಿನವನಿರಬೇಕು, ಹೂವಿಲ್ಲದೆ ಬಂದದ್ದಕ್ಕೆ ನಾಚಿಕೊಂಡಿದ್ದಾನೆ ಎಂದುಕೊಂಡ ಪ್ರೇಬೆನ್, "ಒಳಗೆ ಬನ್ನಿ ಮಾರಾಯ್ರೇ! ಯಾರೂ ಸತ್ತಿಲ್ಲ. ಗಂಟು ಸಿಕ್ಕಿಕೊಂಡಿದೆ ಅಷ್ಟೇ. ಈ ಮೇಜು ಸ್ವಲ್ಪ ಹಿಡ್ಕೊಳ್ಳಿ," ಎಂದು ಕೂಗಿದ.

ಆತ ಬಂದ. ಹೂಕುಂಡಗಳನ್ನು ಒಂದೊಂದಾಗಿ ಇಳಿಸಿ ಮೇಜು ಹಿಡಿದುಕೊಂಡ. ಪ್ರೇಬೆನ್ ಮೇಲೆ ಹತ್ತಿ, ನಾಲಿಗೆಯ ತುದಿಯನ್ನು ಬಾಯಿಯ ಬಲಗಡೆಗೆ ಚಾಚಿಕೊಂಡು ಗಂಟು ತಿವಿಯತೊಡಗಿದ. ಆ ಮನುಷ್ಯ ಗಂಟನ್ನು ಬಿಟ್ಟು ಅವನ ನಾಲಿಗೆಯನ್ನೇ ನೋಡುತ್ತಿದ್ದ.

"ಯಾರಾದ್ರೂ ಬರೋರಿದ್ದಾರಾ?" ಎಂದು ಮೆಲ್ಲಗೆ ಕೇಳಿದ.

ಬೆಳಗಿನಿಂದ ಸುಳ್ಳು ಹೇಳಿ ಹೇಳಿ ಪ್ರೇಬೆನ್ನನ ಬಾಯಿ ಕಹಿಯಾಗಿತ್ತು. ಗುರುತಿಲ್ಲದವನ ಹತ್ತಿರ ನಿಜ ಹೇಳುವುದು ಸುಲಭ. ನರ್ಸ್, ಫೋನು, ಊಟ ಸೇರದ್ದು, ಎಲ್ಲವನ್ನೂ ಹೇಳಿಬಿಟ್ಟ.

"ಅಪ್ಪನಾಗೋ ಆಸೆ ನನಗಿಲ್ಲ ಸ್ವಾಮಿ. ಅವಳಿಗೆ ಅಪ್ಪ ಇದ್ದಾನೆ. ಪಾತ್ರೆ ಒರೆಸೋ ಟೀ ಟವೆಲಿಗೂ ಇಸ್ತ್ರಿ ಹಾಕ್ತಾನಂತೆ, ಫೋನಲ್ಲಿ ಅವಳೇ ಹೇಳಿದ್ಲು! ಅಂಥ ಗಂಡಸಿಗೆ ಯಾರಾದ್ರೂ ಹೆದರ್ತಾರಾ? ನಾನು ಹೆದರ್ತೀನಿ. ಜ್ವರ ಬಂದಾಗ ಪಕ್ಕದಲ್ಲಿ ಕೂತೋನು ಅವನು, ಸೈಕಲ್ ಕಲಿಸಿದೋನು ಅವನು. ನನ್ನನ್ನ ಕಳ್ಳ ಅನ್ಕೊಂಡ್ರೆ?"

ಆತ ಜೇಬಿನಿಂದ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡ. ನಾಲ್ಕು ಮಡಿಕೆಯ, ಗೆರೆ ಬಿದ್ದ ಕರವಸ್ತ್ರ.

"ಕಳ್ಳ ಅನ್ಕೊಳ್ಳಲ್ಲ ಬಿಡಿ," ಅಂದ. "ಅವನಿಗೂ ಭಯ ಇರುತ್ತೆ. ಇಬ್ಬರೂ ಸೇರಿ ಎಳೆಯೋಣ, ಇಳೀರಿ."

ಇಬ್ಬರೂ ಹಗ್ಗ ಹಿಡಿದು ಜಗ್ಗಿದರು. ಗಂಟು ರಾಟೆಯನ್ನು ದಾಟಿತು. ಬಾವುಟ ಹುಮ್ಮಸ್ಸಿನಿಂದ ತುದಿಗೇರಿತು. ಅದರ ಜೊತೆಗೇ ಮೇಲೇರಿದ ಇನ್ನೊಂದು ಗಂಟು ರಾಟೆಗೆ ಕಚ್ಚಿಕೊಂಡದ್ದನ್ನು ಆ ಸಂಭ್ರಮದಲ್ಲಿ ಯಾರೂ ಗಮನಿಸಲಿಲ್ಲ.

ಸಂಭ್ರಮ ಬಾಳಲಿಲ್ಲ. ಅರ್ಧದಲ್ಲಿದ್ದ ಬಾವುಟ ತುದಿಗೇರಿದರೆ ಮಣ್ಣಾಯಿತು ಎಂದೇ ಅಲ್ಲಿ ಅರ್ಥ, ಮಣ್ಣಾದ ಮೇಲೆ ಎಲ್ಲರೂ ಸೇರಿ ಕಾಫಿ ಕುಡಿಯಲೇಬೇಕು. ಗ್ರೇತೆ ದೊಡ್ಡ ಫ್ಲಾಸ್ಕ್ ಹಿಡಿದು ಮುಂದೆ, ಕಪ್ಪು ಕೋಟಿನ ಹೋಲ್ಗರ್ ಹಿಂದೆ, ಅವರ ಹಿಂದೆ ಕೇಕು ಹಿಡಿದ ಇಡೀ ಸಾಲು ತೋಟಕ್ಕೆ ನುಗ್ಗಿತು.

"ಇಷ್ಟು ಬೇಗ ಮುಗೀತಾ?" ಎಂದಳು ಗ್ರೇತೆ. "ಒಳ್ಳೇದೇ ಆಯ್ತು. ಬಿಸಿಲಲ್ಲಿ ಇಟ್ಕೊಳ್ಳೋಕಾಗಲ್ಲ."

ಅದೇ ಹೊತ್ತಿಗೆ ಗೇಟಿನ ಹತ್ತಿರ ಸೈಕಲ್ ನಿಂತಿತು. ಗುಂಪಿನ ಸಂದಿಯಲ್ಲಿ ಒಬ್ಬ ಹುಡುಗಿ ಕಾಲ್ಬೆರಳ ಮೇಲೆ ನಿಂತು ನೋಡಿದಳು. ಅವಳ ಕಣ್ಣು ಅಗಲವಾಯಿತು.

"ಅಪ್ಪಾ!"

ಪ್ರೇಬೆನ್ ಈ ಜನ್ಮದಲ್ಲಿ ಕೇಳುತ್ತೇನೆಂದುಕೊಂಡಿರದ ಮಾತು! ತಿಳಿಯದೆ ಎರಡೂ ಕೈ ಚಾಚಿದ. ಹುಡುಗಿ ಕೈಗಳ ಕೆಳಗೆ ನುಸುಳಿ, ಅವನ ಬೆನ್ನ ಹಿಂದಿದ್ದ ಎತ್ತರದ ಮನುಷ್ಯನ ಮುಂದೆ ನಿಂತಳು.

"ಅಪ್ಪಾ, ಮೀನು ಹಿಡಿಯೋಕೆ ಹೋಗ್ತೀನಿ ಅಂದಿದ್ದೆ ನೀನು! ನಾನಿಲ್ಲಿಗೆ ಬರೋದಕ್ಕೆ ಅಮ್ಮ ಸರಿ ಅಂದ್ಲು, ನೀನೂ ಸರಿ ಅಂದೆ!"

"ಬಾಯಿ ಸರಿ ಅಂತು ಪುಟ್ಟಿ," ಎಂದು ಆತ ತಲೆ ತಗ್ಗಿಸಿದ. "ಕಾಲು ಕೇಳ್ಲಿಲ್ಲ. ಎಂಥ ಮನುಷ್ಯ ಅಂತ ದೂರದಿಂದ ನೋಡ್ಕೊಂಡು ಹೋಗೋಣ ಅಂತ ಬಂದೆ."

ಪ್ರೇಬೆನ್ನನ ಕೈಗಳು ಇನ್ನೂ ಗಾಳಿಯಲ್ಲೇ ಇದ್ದವು. ಟೀ ಟವೆಲಿನ ಮಾತು ನೆನಪಾಗಿ ಕಿವಿ ಕೆಂಪಾಯಿತು. ಇಡೀ ಸಾಲು ಅವನನ್ನೇ ನೋಡುತ್ತಿತ್ತು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ.

"ಡಾಗ್ಮಾರ್ ಅತ್ತೆ ಇಲ್ಲ," ಅಂದ. "ಇರ್ಲೇ ಇಲ್ಲ. ನಾನು ಹಿಂದೆ ವೀರ್ಯದಾನ ಮಾಡಿದ್ದೆ. ಈ ಹುಡುಗಿ ಹುಟ್ಟಿದ್ದು ಅದರಿಂದ. ಇವರು ಅವಳ ಅಪ್ಪ."

"ಹಾಗಾದ್ರೆ ಸತ್ತಿದ್ದು ಯಾರು?" ಎಂದ ಹೋಲ್ಗರ್.

"ಯಾರೂ ಸತ್ತಿಲ್ಲ ಕಣಯ್ಯಾ, ಹುಟ್ಟಿದ್ದಾರೆ!" ಎಂದು ಗ್ರೇತೆ ಅವನ ಕಿವಿಯಲ್ಲಿ ಕಿರುಚಿದಳು. ಆಮೇಲೆ ಕುರ್ಚಿಯಲ್ಲಿ ಕುಸಿದು, "ಹೂವೇನೂ ವಾಪಸ್ ಬೇಡ, ಇಟ್ಕೋ," ಅಂದಳು.

ಲಿವಾ ಮೊದಲ ಬಾರಿಗೆ ಪ್ರೇಬೆನ್ನನನ್ನು ನೋಡಿದಳು. ಅವಳು ನಕ್ಕು, ಎಲ್ಲರೂ ತಂದ ಕೇಕುಗಳನ್ನು ಬಿಟ್ಟು ಅವನ ಸ್ಟ್ರಾಬೆರಿ ಕೇಕಿಗೇ ಚಾಕು ಹಾಕಿದಳು. ಸರಿಯಾಗಿ ಕತ್ತರಿಸುವ ಗಮನದಲ್ಲಿ ಅವಳ ನಾಲಿಗೆಯ ತುದಿ ಬಾಯಿಯ ಬಲಗಡೆಗೆ ಬಂತು. ಅವಳಪ್ಪ ವಿಗೋ ಇಸ್ತ್ರಿಯ ಕರವಸ್ತ್ರದಿಂದ ಕಣ್ಣೊರೆಸಿಕೊಂಡು ಪ್ರೇಬೆನ್ನನ ಬೆನ್ನು ತಟ್ಟಿದ.

ಸಂಜೆ ಬಾವುಟ ಇಳಿಯಲಿಲ್ಲ. ಸೂರ್ಯ ಮುಳುಗಿದ ಮೇಲೆ ಬಾವುಟ ಹಾರಬಾರದೆಂದು ಗ್ರೇತೆ ಕುಣಿದಾಡಿದಳು.

"ಮನೇಲಿ ಉದ್ದ ಏಣಿ ಇದೆ," ಎಂದ ವಿಗೋ. "ಮುಂದಿನ ಭಾನುವಾರ ತರ್ತೀನಿ."

"ಅಲ್ಲೀವರೆಗೂ ಅಲ್ಲೇ ನೇತಾಡುತ್ತಾ? ಸಂಘದಿಂದ ನೋಟಿಸ್ ಕೊಡ್ತೀನಿ!"

"ಕೊಡಿ," ಎಂದ ಪ್ರೇಬೆನ್, ಬದುಕಿನಲ್ಲಿ ಮೊದಲ ಸಲ ಒಬ್ಬರಿಗೆ ಎದುರಾಡುತ್ತ.

"ನಾನೂ ಬರ್ತೀನಿ," ಎಂದಳು ಲಿವಾ. "ಉಳಿದ ಮೂವರನ್ನೂ ಕರ್ಕೊಂಡು."

"ಯಾವ ಮೂವರು?"

"ನನ್ನ ಹಾಗೇ ನಿಮ್ಮಿಂದ ಹುಟ್ಟಿದೋರು. ಹುಡುಕಿದೀನಿ. ಎಂಥವರು ನೋಡ್ಕೊಂಡು ಬಾ ಅಂತ ನನ್ನನ್ನ ಮುಂದೆ ಕಳಿಸಿದ್ರು. ನಾನು ಇವತ್ತು ಇಲ್ಲಿಗೆ ಬರೋದು ಅವರೆಲ್ಲರ ಮನೇಲೂ ಗೊತ್ತು."

ಪ್ರೇಬೆನ್ ಕುರ್ಚಿ ಹುಡುಕಿದ. ಕೂರುವ ಮೊದಲು ಯಾಕೋ ಬೇಲಿಯ ಕಡೆ ಕಣ್ಣು ಹೋಯಿತು. ಟೋಪಿ ಹಾಕಿದ ಒಬ್ಬ ಕುಳ್ಳ ಮನುಷ್ಯ ಅತ್ತ ಹೋಗಿ, ಇತ್ತ ಬಂದು, ಮತ್ತೆ ಅತ್ತ ಹೊರಟಿದ್ದ.

ವಿಗೋ ಎದ್ದು ಗೇಟು ತೆರೆದ. "ಬನ್ನಿ ಬನ್ನಿ," ಎಂದ. "ನಾನೂ ಮೀನು ಹಿಡಿಯೋಕೇ ಹೊರಟಿದ್ದೆ."