ತೆರಿಗೆಯಿಲ್ಲದ ಡಿವಿಡೆಂಡಿಗೆ ತೆರಿಗೆ ಕಟ್ಟುವ ಮಾವ

ನನ್ನ ಸೋದರಮಾವನಷ್ಟು ಪ್ರಾಮಾಣಿಕ ಮನುಷ್ಯ ಇಡೀ ಇಲಿನಾಯ್ ರಾಜ್ಯದಲ್ಲೇ ಇಲ್ಲ. ನನ್ನ ತಲೆನೋವೂ ಅದೇ! ತೆರಿಗೆಯನ್ನು ಅವರು ಪೈಸೆ ಬಿಡದೆ ಕಟ್ಟುತ್ತಾರೆ. ಆದರೆ ಕಟ್ಟುವ ಮುನ್ನ ನನ್ನ ಜೀವ ಹಿಂಡುತ್ತಾರೆ.

ಡೆಟ್ರಾಯಿಟ್ ಪಕ್ಕದಲ್ಲಿ ಮೂವತ್ತು ವರ್ಷ ಕಾರಿನ ಬ್ರೇಕುಗಳ ಎಂಜಿನಿಯರ್ ಆಗಿದ್ದ ಮಾವ, ಉಳಿತಾಯದಲ್ಲಿ ಒಂದು ಪಾಲನ್ನು ಮಿಶಿಗನ್ ರಾಜ್ಯ ಶಾಲೆ, ರಸ್ತೆ ಕಟ್ಟಲು ಮಾರುವ ಬಾಂಡುಗಳ ಫಂಡಿನಲ್ಲಿಟ್ಟಿದ್ದರು. ಅದರ ಡಿವಿಡೆಂಡಿಗೆ ಕೇಂದ್ರದ ತೆರಿಗೆ ಇಲ್ಲ, ಮಿಶಿಗನ್ನಿನದೂ ಇಲ್ಲ. ಅಲ್ಲಿನ ಯಾವುದಾದರೂ ಶಾಲೆ ಕಂಡರೆ ಕಾರು ನಿಧಾನಿಸಿ "ನಮ್ ದುಡ್ಡಲ್ಲೇ ಕಟ್ಟಿದ್ದು" ಎನ್ನುವರು. ಅದು ಖಾಸಗಿ ಶಾಲೆಯಾಗಿದ್ದರೂ! ಮೂರು ವರ್ಷದ ಹಿಂದೆ ನನಗೆ ಕೀಮೋ ಶುರುವಾದಾಗ, ನಾನು ಒಬ್ಬಳೇ ಇರುತ್ತೇನೆಂದು ಅಲ್ಲಿನ ಮನೆ ಮಾರಿ, ಇಲಿನಾಯ್‌ನಲ್ಲಿ ನಾನಿರುವ ನೇಪರ್‌ವಿಲ್‌ಗೆ ಬಂದುಬಿಟ್ಟರು. ಇಲಿನಾಯ್ ಕಾನೂನೇ ಬೇರೆ. ಕೇಂದ್ರ ಬಿಟ್ಟ ಡಿವಿಡೆಂಡನ್ನೂ ಆದಾಯಕ್ಕೆ ಸೇರಿಸಿ ತೋರಿಸಬೇಕು. ಮಾವನ ತೆರಿಗೆ ಎಷ್ಟು ಹೆಚ್ಚಿತು ಗೊತ್ತೇ? ಹದಿನೈದು ಡಾಲರಿಗೂ ಕಡಿಮೆ!

ಅಷ್ಟಕ್ಕೆ ರಾಜ್ಯದ ತೆರಿಗೆ ಕಚೇರಿಗೆ ಫೋನ್ ಮಾಡಿ ನಲವತ್ತು ನಿಮಿಷ ಕಾದರು. "ಸೆಂಟ್ರಲ್ ಗೌರ್ಮೆಂಟೇ ಬೇಡ ಅಂದಿರೋ ದುಡ್ಡು ನಿಮಗ್ಯಾಕಮ್ಮ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಫೋನೆತ್ತಿದಾಕೆ ಇಲ್ಲಿನ ಕಾನೂನೇ ಹಾಗೆ ಎಂದು ಮೂರು ಸಲ ಹೇಳಿದಳು. ಕೊನೆಗೆ ಮಾವ "ಪಾಪ, ಊಟ ಆಯ್ತಾ?" ಎಂದು ವಿಚಾರಿಸಿ ಫೋನಿಟ್ಟರು.

ಗ್ಲೆಂಡೇಲ್ ಹೈಟ್ಸ್‌ನಲ್ಲಿ ಒಬ್ಬರ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಿದ್ದೆವು. ಇಂಥದೇ ಫಂಡಿದ್ದ ಆತಿಥೇಯರು ಬಾಯಿತಪ್ಪಿ "ಟ್ಯಾಕ್ಸ್ ಫ್ರೀ ಅಲ್ವಾ ಅಂಕಲ್, ನಾನು ಸ್ಟೇಟ್ ರಿಟರ್ನಲ್ಲಿ ಹಾಕೇ ಇಲ್ಲ" ಎಂದರು. ಮುಗಿಯಿತು! ಪ್ರಸಾದ ತಣ್ಣಗಾಗುವವರೆಗೂ ಮಾವ ಅವರನ್ನು ಲ್ಯಾಪ್‌ಟಾಪ್ ಮುಂದೆ ಕೂರಿಸಿ ತಿದ್ದುಪಡಿಯ ರಿಟರ್ನ್ ತುಂಬಿಸಿದರು. ಆ ಮನೆಯ ಮಗಳು "ಮಾಮ್, ಈಸ್ ದಟ್ ಅಂಕಲ್ ಫ್ರಮ್ ದಿ ಗವರ್ನಮೆಂಟ್?" ಎಂದಳು. ಆಮೇಲೆ ಆ ಮನೆಯಿಂದ ನಮಗೆ ಕರೆಯೇ ಬಂದಿಲ್ಲ.

ಪ್ರತಿ ಏಪ್ರಿಲ್‌ನಲ್ಲೂ ನಾನು ಅವರ ರಿಟರ್ನ್ ತುಂಬಲು ಕೂರುತ್ತೇನೆ, ಡಿವಿಡೆಂಡ್ ಸೇರಿಸುವ ಆ ಸಾಲು ಬರುತ್ತದೆ, ಮಾವ "ಮಿಶಿಗನ್‌ಗೇ ವಾಪಸ್ ಹೋಗ್ತೀನಿ" ಎನ್ನುತ್ತಾರೆ. ತಮಾಷೆಗೆ ಅಂದರೂ ನನಗೆ ಪುಕುಪುಕು. ಇವತ್ತಿಗೂ ಸ್ಕ್ಯಾನಿಗೆ ನನ್ನನ್ನು ಕರೆದೊಯ್ಯುವವರು ಅವರೇ. ಅವರು ಹೋದರೆ ನನಗೆ ಇಲ್ಲಿ ಯಾರೂ ಇಲ್ಲ.

ಈ ವರ್ಷ ಮಾತ್ರ ತಾಳ್ಮೆ ತಪ್ಪಿತು. "ಫಂಡ್ ಮಾರಿ ಮಾವ, ಇಲ್ಲಾಂದ್ರೆ ಹೋಗೇಬಿಡಿ. ನಂಗೆ ಸಾಕಾಗಿದೆ" ಎಂದುಬಿಟ್ಟೆ.

ಮಾವ ಕನ್ನಡಕ ತೆಗೆದಿಟ್ಟರು. "ಈ ಟ್ಯಾಕ್ಸ್ ಬೀಳತ್ತೆ ಅಂತ ಮನೆ ಮಾರೋಕ್ ಮುಂಚೇನೇ ಗೊತ್ತಿತ್ತು ಕಣೆ."

"ಮತ್ಯಾಕೆ ವರ್ಷ ವರ್ಷ ಈ ರಗಳೆ?"

"ನಿಂಗೆ ಸಿಟ್ಟು ಬರತ್ತಲ್ಲ, ಅದಕ್ಕೆ. ನಾನು ಬಂದ ವರ್ಷ ನಿಂಗೆ ಸಿಟ್ಟು ಮಾಡ್ಕೊಳೋಕೂ ಶಕ್ತಿ ಇರ್ಲಿಲ್ಲ."

ಕಣ್ಣೊರೆಸಿಕೊಂಡು ಡಿವಿಡೆಂಡನ್ನು ಆ ಸಾಲಿನಲ್ಲಿ ತುಂಬಿದೆ. ಕಾಯಿಲೆ ಬಂದಂದಿನಿಂದ ಮುಂದಿನ ವರ್ಷದ ಬಗ್ಗೆ ಯೋಚಿಸುವುದನ್ನೇ ಬಿಟ್ಟಿದ್ದೆ. ಅವತ್ತು ಮೊದಲ ಸಲ, ಮುಂದಿನ ಏಪ್ರಿಲ್‌ನಲ್ಲೂ ಈ ಮನುಷ್ಯನ ಜೊತೆ ಜಗಳವಾಡಲು ನಾನಿರಬೇಕು ಎಂದು ಆಸೆಯಾಯಿತು.