ಬೀಗರ ಮನೆ ತಪ್ಪಿದ ಮೊರ

ಊರು ಬಿಟ್ಟು ಹೊರಟ ಮನುಷ್ಯನ ಮರ್ಯಾದೆ ಅವನ ಕೈಯಲ್ಲಿರುವ ಗಂಟಿನ ಮೇಲೆ ನಿಂತಿರುತ್ತದೆ ಎಂದು ನಂಬಿದವನು ನಾನು. ಚಕ್ರದ ಸೂಟ್‌ಕೇಸ್ ಎಳೆದುಕೊಂಡು ಬಂದವನಿಗೆ ಬಸ್‌ಸ್ಟ್ಯಾಂಡಿನ ನಾಯಿ ಕೂಡ ಎದ್ದು ದಾರಿ ಬಿಡುತ್ತದೆ. ಆದರೆ ನಾವು ಗಂಡಹೆಂಡತಿ ಮೊದಲ ಸಲ ಟೂರ್ ಬಸ್ಸು ಹತ್ತಿ ಕರಾವಳಿ ನೋಡಲು ಹೊರಟಾಗ ನನ್ನ ತೊಡೆಯ ಮೇಲಿದ್ದದ್ದು ಒಂದು ಜೊತೆ ಬಿದಿರಿನ ಮೊರ. ಒಂದರ ಮೇಲೊಂದು ಕವುಚಿದ್ದ ಅವುಗಳ ಒಳಗೆ ಅಕ್ಕಿ, ಬೆಲ್ಲ, ಕೊಬ್ಬರಿ, ಅರಿಸಿನ ಕುಂಕುಮ, ಹಸಿರು ಬಳೆ, ಒಂದು ರವಿಕೆ ಕಣ. ನನ್ನ ಹೆಂಡತಿ ಜಯಮ್ಮನ ತರ್ಕ ನೇರವಾಗಿತ್ತು. ನದಿಗಳಿಗೆಲ್ಲ ಸಮುದ್ರರಾಯನೇ ಗಂಡ. ನಂಜನಗೂಡಿನಲ್ಲಿ ದಿನಾ ಕಣ್ಣಿಗೆ ಬೀಳುವ ಕಪಿಲೆ ನಮ್ಮ ಮನೆಮಗಳು. ಮಗಳನ್ನು ಕೊಟ್ಟ ಊರಿಗೇ ಹೋಗುತ್ತಿರುವಾಗ ಮಡಿಲಕ್ಕಿ ಒಯ್ಯದಿದ್ದರೆ ಹೇಗೆ? "ಬರಿಗೈಲಿ ಓಗಿ ನಿಂತ್ರೆ ತವರ್ನೋರ ಮಾನ ಉಳೀತದಾ?" ಎಂದಳು. ನಮಗೆ ಮಕ್ಕಳಾಗಲಿಲ್ಲ. ಬೀಗರ ಮನೆಗೆ ಹೋಗುವ ಭಾಗ್ಯ ತನಗೆ ಇದೊಂದೇ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ನಾನೂ ಕೇಳದೆ ಮೊರವನ್ನು ತೊಡೆಯ ಮೇಲಿಟ್ಟುಕೊಂಡೆ.

ಜಯಮ್ಮ ತಿ. ನರಸೀಪುರದ ಕಡೆ ಹೆಮ್ಮಿಗೆಯವಳು. ಮನೆಯಲ್ಲಿ ಮಾತಿಗೆ ಮಾತು ಬೆಳೆದಾಗಲೆಲ್ಲ, "ನಿಮ್ ಕಪಿಲೆ ಜಂಬ ಎಲ್ಲಾ ನರಸೀಪುರದ ಗಂಟ ಕಣ್ರೀ, ಅಲ್ಲಿಂದಾಚೆಗೆ ನಮ್ ಕಾವೇರಿ ಎಸ್ರೇಯ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಹೀಗೆ ಸಂಗಮದವರೆಗಿನ ಭೂಗೋಳ ನಮಗೆ ಬಾಯಿಪಾಠ. ಅದರಾಚೆ ಇಬ್ಬರಿಗೂ ಕತ್ತಲೆ. ನಮ್ಮ ಕಡೆಯವರಿಗೆ ಸಮುದ್ರ ಎಂದರೆ ಒಂದೇ, ಘಟ್ಟ ಇಳಿದರೆ ಸಿಗುವುದು.

ಮೊರ ಕಟ್ಟುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಇಲ್ಲಿನ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ಕೂದಲು ನೆರೆಸಿಕೊಂಡು ನಿವೃತ್ತನಾದವನು ನಾನು. ಅರಿಸಿನದ ದಾರದ ಮೇಲೆ ಪ್ಲಾಸ್ಟಿಕ್ ಹಾಳೆ, ಹಾಳೆಯ ಮೇಲೆ ಟೇಪು, ಟೇಪಿನ ಮೇಲೆ ಅಡ್ಡಡ್ಡ ಮತ್ತೆ ಟೇಪು. ಹಡಗಿನಲ್ಲಿ ಕಳಿಸಿದರೂ ಒಂದು ಕಾಳು ಅಲುಗದಂತೆ ಬಿಗಿದೆ. ಜಯಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇದನ್ನು ಬಿಚ್ಚುವುದು ಯಾವ ಕಡೆಯಿಂದ ಎಂದು ಕೇಳಿದಳು. ಕೆಲಸದಲ್ಲಿದ್ದಷ್ಟು ಕಾಲವೂ ನನ್ನನ್ನು ಯಾರೂ ಕೇಳದಿದ್ದ ಪ್ರಶ್ನೆ ಅದು.

ಮರವಂತೆಯಲ್ಲಿ ಬಸ್ಸು ನಿಂತಿತು. ಅಲ್ಲಿ ರಸ್ತೆಯ ಒಂದು ಪಕ್ಕಕ್ಕೆ ಸಮುದ್ರ, ಇನ್ನೊಂದು ಪಕ್ಕಕ್ಕೆ ನದಿ. ಬಸ್ಸಿನ ದಂಪತಿಗಳೆಲ್ಲ ಫೋಟೊಗೆ ನಿಂತರೆ ಜಯಮ್ಮ ಸೊಂಟದ ಮೇಲೆ ಕೈಯಿಟ್ಟು ನದಿಯನ್ನೇ ನೋಡುತ್ತಿದ್ದಳು. "ಇದ್ಯಾವ ಎಣ್ಣು? ಗಂಡನ ಮನೆ ಬಾಗ್ಲಗಂಟ ಬಂದು ಒಳೀಕ್ ಓಗ್ದೆ ಮುನಿಸ್ಕೊಂಡು ಪಕ್ಕದಲ್ಲೇ ಓಯ್ತಾವ್ಳೆ" ಎಂದಳು. ಆಮೇಲೆ ಮರಳಿನ ಮೇಲೆ ಕೂತು ನಾವಿಬ್ಬರೂ ಟೇಪಿಗೆ ಕೈ ಹಾಕಿದೆವು. ಉಗುರು ಸೋತಿತು, ಬೀಗದಕೈ ಸೋತಿತು, ಕೊನೆಗೆ ನಾನು ಹಲ್ಲು ಹಾಕಿದೆ. ಹಲ್ಲಿನ ಸೆಟ್ಟು ಟೇಪಿಗೆ ಅಂಟಿಕೊಂಡು ಹೊರಗೇ ಬಂದುಬಿಟ್ಟಿತು. ಸುತ್ತ ಬಸ್ಸಿಗೆ ಬಸ್ಸೇ ನೆರೆಯಿತು. ಆ ಗುಂಪಿನಲ್ಲಿದ್ದ ಒಬ್ಬ ನಿವೃತ್ತ ಮೇಷ್ಟ್ರು, ನಮ್ಮೂರಿನವರೇ, ಏನಿದು ಎಂದು ವಿಚಾರಿಸಿದರು. ವಿಷಯ ತಿಳಿದ ಮೇಲೆ ಕಪಿಲೆ ಈ ಸಮುದ್ರಕ್ಕೆ ಬರುವುದೇ ಇಲ್ಲ, ಕಾವೇರಿಯ ಜೊತೆ ಮೂಡಣ ಸಮುದ್ರಕ್ಕೆ ಹೋಗುತ್ತಾಳೆ ಎಂದು ಕೊಡೆಯ ತುದಿಯಿಂದ ಮರಳಿನಲ್ಲಿ ನಕ್ಷೆ ಬರೆದು ತೋರಿಸಿದರು. ಒಂದು ಅಲೆ ಬಂದು ನಕ್ಷೆಯನ್ನು ಅಳಿಸಿತು.

"ನೋಡಿ ಮೇಷ್ಟ್ರೆ, ಅಳೀಮಯ್ಯನೇ ಒಪ್ತಾ ಇಲ್ಲ" ಎಂದಳು ಜಯಮ್ಮ. ಎಲ್ಲರೂ ನಕ್ಕರು. ಅವಳು ಮಾತ್ರ ಮೇಷ್ಟ್ರ ಮುಖವನ್ನೇ ನೋಡುತ್ತಾ, "ನಿಜ ಏಳಿ, ಈ ಮನೆ ಅಲ್ವಾ?" ಎಂದು ಮೆಲ್ಲಗೆ ಕೇಳಿದಳು. ಮೇಷ್ಟ್ರು ಅಲ್ಲಮ್ಮ ಎಂದರು. ಎಲ್ಲ ಒಂದೇ ನೀರು, ಬಿಟ್ಟುಬಿಡಿ ಎಂದು ಡ್ರೈವರ್ ಅವಸರ ಮಾಡಿದ. ಜಯಮ್ಮ ಕೇಳಲಿಲ್ಲ. "ಮಗಳ್ನ ಕೊಟ್ಟಿರೋದು ಆ ಬೀದಿಗೆ. ಈ ಬೀದೀಲಿ ಯಾರ್ದೋ ಮನೇಗ್ ಮಡ್ಲಕ್ಕಿ ಕೊಟ್ಬುಟ್ಟು ಬಂದ್ರೆ ಆಯ್ತದಾ? ಕಟ್ರೀ ವಾಪಸ್ಸು" ಎಂದಳು. ಕಟ್ಟುವ ಪ್ರಮೇಯವೇ ಬರಲಿಲ್ಲ, ಬಿಚ್ಚಿದ್ದರೆ ತಾನೇ!

ಅಲ್ಲಿಂದ ಮುಂದೆ ಬಸ್ಸಿನಲ್ಲಿ ನಮಗೆ ಬೀಗರು ಎಂದೇ ಹೆಸರಾಯಿತು. ಮುರುಡೇಶ್ವರದಲ್ಲಿ, ಗೋಕರ್ಣದಲ್ಲಿ, ಕಾರವಾರದಲ್ಲಿ, ಇಳಿದಲ್ಲೆಲ್ಲ ಬೀಗರ ಮನೆ ಸಿಕ್ಕಿತೇ ಎಂದು ಒಬ್ಬರಲ್ಲ ಒಬ್ಬರು ವಿಚಾರಿಸುವರು. ಊಟಕ್ಕೆ ಕೂತರೆ ಬೀಗರಿಗೆ ಮೊದಲು ಬಡಿಸಿ ಎನ್ನುವರು. ಜಯಮ್ಮ ಬೀಗಿತ್ತಿಯ ಗತ್ತಿನಲ್ಲೇ ಸಾರಿಗೆ ಉಪ್ಪು ಕಮ್ಮಿ ಎಂದು ತಪ್ಪು ಹಿಡಿಯುವಳು. ಹಿಂದಿನ ಸೀಟಿನವರಂತೂ ಮದುವೆಯ ಸೋಬಾನೆ ಹಾಡತೊಡಗಿದರು. ನಕ್ಕೂ ನಕ್ಕೂ ಅವಳು ನನ್ನ ಹೆಗಲಿಗೆ ಒರಗಿದಾಗ ಮೊರ ನನ್ನ ಪಕ್ಕೆಗೆ ಒತ್ತುತ್ತಿತ್ತು. ಸಮುದ್ರ ಹೇಗಿತ್ತೆಂದು ಯಾರಾದರೂ ಕೇಳಿದರೆ ನನಗೆ ಇಂದಿಗೂ ನೆನಪಾಗುವುದು ಆ ಪಕ್ಕೆನೋವು.

ಮನೆಗೆ ಬಂದು ಮೊರವನ್ನು ಅಟ್ಟಕ್ಕೆ ಏರಿಸಿದೆವು. ಮುಂದಿನ ಸಲ ಆ ಬೀದಿಗೆ ಹೋಗೋಣ ಎಂದಳು. ಆ ಮುಂದಿನ ಸಲ ಬರುವುದಕ್ಕೆ ಮೊದಲು ಕಾಯಿಲೆ ಬಂತು. ನರಸೀಪುರದ ಸಂಗಮದಲ್ಲಿ ಅವಳ ಬೂದಿಯನ್ನು ಬಿಡುವಾಗ ಮೇಷ್ಟ್ರು ನನ್ನ ತೋಳು ಹಿಡಿದು ನೀರಿನಲ್ಲಿ ನಿಂತಿದ್ದರು. ಆ ನೀರು ಎಲ್ಲಿಗೆ ಹೋಗುತ್ತದೆಂದು ನಾನು ಕೇಳಲಿಲ್ಲ. ಗೊತ್ತಿತ್ತು.

ಮೊನ್ನೆ ಟೂರಿನವನು, ಕಳಲೆಯ ಹುಡುಗ, ಫೋನ್ ಮಾಡಿದ. ಈ ಸಲ ಬಸ್ಸು ಮೂಡಣ ಕರಾವಳಿಗೆ, ಕಾವೇರಿ ಸಮುದ್ರ ಸೇರುವ ಕಡೆಗಂತೆ. ಒಬ್ಬರೇ ಬರ್ತೀರಾ ಸಾ ಎಂದು ಅಳುಕುತ್ತ ಕೇಳಿದ. ಹೆಂಗಸರು ಮುಂಚೆಯೇ ಹೋಗಿದ್ದಾರೆ, ನಾನು ಹಿಂದಿನಿಂದ ಬರುತ್ತಿದ್ದೇನೆ ಎಂದೆ. ನನಗಿರುವ ಚಿಂತೆಯೇ ಬೇರೆ. ಅಷ್ಟು ಹಟ ಹಿಡಿದ ಹೆಂಗಸು ಕೊನೆಗೆ ಬೀಗರ ಮನೆಗೆ ಬರಿಗೈಯಲ್ಲೇ ಹೋಗಿ ಕೂತಿದ್ದಾಳೆ. ಅವಳ ಮರ್ಯಾದೆಯೆಲ್ಲ ಈಗ ನನ್ನ ತೊಡೆಯ ಮೇಲಿನ ಗಂಟಿನಲ್ಲಿದೆ.

ಅಟ್ಟದಿಂದ ಮೊರ ಇಳಿಸಿ, ಬ್ಲೇಡಿನಲ್ಲಿ ಕೊಯ್ದು, ಹುಳು ಹಿಡಿದಿದ್ದ ಅಕ್ಕಿ ಚೆಲ್ಲಿ ಹೊಸದು ತುಂಬಿದೆ. ಈ ಸಲ ಅರಿಸಿನದ ದಾರವೊಂದೇ ಸಾಕು, ಬಿಚ್ಚಲು ಸುಲಭ ಎಂದು ನಿರ್ಧರಿಸಿ ಹಗುರಾಗಿ ಗಂಟು ಹಾಕಿದೆ. ಎತ್ತಿಕೊಂಡು ಹೊಸಿಲು ದಾಟುವಷ್ಟರಲ್ಲಿ ನಡುಮನೆಯ ತುಂಬ ಅಕ್ಕಿ. ಬೈಯಲು ಯಾರೂ ಇರಲಿಲ್ಲವಾದ್ದರಿಂದ ನಾನೇ ಬೈದುಕೊಂಡು, ಗುಡಿಸಿ, ಮತ್ತೆ ತುಂಬಿ, ಟೇಪು ತಂದು ಒಂದೇ ಒಂದು ಸುತ್ತು ಸುತ್ತಿದೆ. ಮನಸ್ಸು ತಡೆಯದೆ ಅಡ್ಡಕ್ಕೂ ಒಂದು ಸುತ್ತಿದ್ದೇನೆ. ಬ್ಲೇಡು ಜೇಬಿನಲ್ಲಿದೆ.